ವಹಿಯಾಗ ಬರೀದ ಲೆಕ್ಕ

ಹ್ವಾದ ವರ್ಷ ದೀಪಾವಳಿ ಮುಂದ ನನ್ನ ಹೆಂಡತಿ ಕೇಳಿದಳು, “ಏನ್ರೀ, ಆ ವಹಿಯಾಗ ನನ್ನ ಹೆಸರಿಗೆ ಎಷ್ಟು ಸಾಲ ಆತು?”

ಆ ವಹಿ ಕಬ್ಬಿನ ಲೆಕ್ಕದ್ದು. ಗೊಬ್ಬರ, ಬೀಜ, ಆಳಿನ ಪಗಾರ ಬರೆಯುವ ವಹಿ. ಆಕಿಗೆ ಸಕ್ಕರಿ ರೋಗ ಬಂದು 14 ವರ್ಷ ಆತು. ಮೊದಲು ಗುಳಿಗಿ, ಆಮ್ಯಾಲೆ ಇನ್ಸುಲಿನ್ ಸೂಜಿ, ಕಿಡ್ನಿ ಕೆಟ್ಟು ಈಗ ಎರಡು ವರ್ಷದಿಂದ ಡಯಾಲಿಸಿಸ್. ಇದರ ಖರ್ಚನ್ನೂ ನಾ ಅದ ವಹಿಯ ಹಿಂದಿನ ಪುಟದಿಂದ ಬರಕೋತ ಬಂದಿದ್ದೆ. ಆಕಿಗೆ ಅಕ್ಷರ ಓದಾಕ ಬರೂದಿಲ್ಲ, ಆದರ ಅಂಕಿ ಚಲೋ ಗೊತ್ತು. ಕೆಲವು ದಿನದ ಮ್ಯಾಲೆ ತಿಳೀತು, ಆಕಿ ಬಿ.ಪಿ. ಗುಳಿಗಿ ಒಂದಿನ ಬಿಟ್ಟು ಒಂದಿನ ತಗೋತಿದ್ದಳು. ರೊಕ್ಕ ಉಳಿಸಾಕ.

ನಾ ಬೈದೆ. ಬೈದ ಮ್ಯಾಲೆ ರಾತ್ರಿ ನಿದ್ದಿ ಹತ್ತಲಿಲ್ಲ. ಬ್ಯಾನಿ ಬಿದ್ದವರ ಖರ್ಚು ಬರೆಯೂದು ತಪ್ಪೇನು?

“ಡಯಾಲಿಸಿಸ್ ಫುಕಟ ಐತಲ್ಲ, ನಿನಗ ಎಂಥಾ ಖರ್ಚು?” ಅಂತಾರ ಮಂದಿ. ಖರೆ ಐತಿ. ನಮ್ಮ ಮಹಾರಾಷ್ಟ್ರದಾಗ 2012ರಲ್ಲಿ ಜೀವನದಾಯಿ ಯೋಜನೆ ಸುರುವಾತು, 2017ರಲ್ಲಿ ಅದಕ್ಕ ಮಹಾತ್ಮಾ ಫುಲೆ ಅವರ ಹೆಸರು ಬಂತು. ಅದು ಇರದಿದ್ದರ ನನ್ನ ಹೊಲ ಎಂದೋ ಹೋಗತಿತ್ತು. ಆದರ ಯೋಜನೆ ನೋಡೂದು ಮಂಚ ಮತ್ತು ಮಶೀನು. ವಾರಕ್ಕ ಎರಡು ಸಲ, ಒಂದು ಸಲಕ್ಕ ನಾಕು ತಾಸು. ಹೋಗಿ ಬರೂದು ಹಿಡದರ ಇಡೀ ದಿನ. ವರ್ಷಕ್ಕ 104 ದಿನ. ಎಸ್.ಟಿ.ಯಾಗ ಹೆಣ್ಣಮಕ್ಕಳಿಗೆ ಅರ್ಧ ತಿಕೀಟು ಐತಿ, ಆದರ ಡಯಾಲಿಸಿಸ್ ಮುಗಿಸಿ ಕಾಲು ನಡುಗುವಾಕಿ ಎಸ್.ಟಿ. ಹತ್ತಾಕ ಆಗಬೇಕಲ್ಲ? ರಿಕ್ಷಾ ಬೇಕು. ಜೋಡಿ ಒಬ್ಬರು ಬೇಕು. ಆ ಒಬ್ಬರು ಯಾರು?

ನನ್ನ ಮಗಳು. ಬಿ.ಎ. ಎರಡನೇ ವರ್ಷಕ್ಕ ಕಾಲೇಜು ಬಿಟ್ಟಳು. ಬಿಡು ಅಂತ ಯಾರೂ ಹೇಳಲಿಲ್ಲ. ಬ್ಯಾಡ ಅಂತನೂ ಯಾರೂ ಹೇಳಲಿಲ್ಲ. ಎಮ್ಮಿ ಮಾರಿದ್ದು ವಹಿಯಾಗ ಐತಿ, ಪತಸಂಸ್ಥೆಯ ಬಡ್ಡಿ ಐತಿ, ಚಾದ ರೊಕ್ಕ ಸುದ್ದಾ ಐತಿ. ಮಗಳ ಕಾಲೇಜು ಇಲ್ಲ.

ನಾನು ಹರಿಶ್ಚಂದ್ರನ ಕಥಿ ಹಾಡತೀನಿ. ಮೂವತ್ತು ವರ್ಷದಿಂದ ಹಾಡತೀನಿ. ಸಾಲ ತೀರಿಸಾಕ ಚಂದ್ರಮತಿಯನ್ನ, ಲೋಹಿತಾಶ್ವನನ್ನ ಮಾರೂ ಹೊತ್ತಿಗೆ ಕುಂತ ಮಂದಿ ಸೆರಗಿನಿಂದ ಕಣ್ಣು ಒರಸತಾರ. (ನಮ್ಮ ಮರಾಠಿ ಮಂದಿ ತಾರಾಮತಿ ಅಂತಾರ, ಅಳೂದು ಅಷ್ಟ ಅಳತಾರ.) ನನ್ನ ಮನಿಯಾಗ ಮಗಳ ದಿನ ಮಾರಾಟ ಆದಾಗ ಯಾರೂ ಅಳಲಿಲ್ಲ. ಹಾಡವನೂ ಅಳಲಿಲ್ಲ.

ಇನ್ನೊಂದು. ಹೆಂಡತಿ ಈ ಮನಿಗೆ ಬಂದು 38 ವರ್ಷ. ಕಳೆ ತಗದಳು, ಶೇಂಗಾ ಕಿತ್ತಳು, ಹಾಲು ಹಿಂಡಿದಳು, ನಮ್ಮವ್ವ ಹಾಸಿಗಿ ಹಿಡದಾಗ ಮೂರು ವರ್ಷ ಮಾಡಿದಳು. ಅದಕ್ಕ ವಹಿಯಾಗ ಪಗಾರ ಬರದೇನೇನು? ಆಕಿ ಕೊಡೂದಕ್ಕ ಲೆಕ್ಕ ಇಲ್ಲ, ಆಕಿಗೆ ಕೊಡೂದಕ್ಕಷ್ಟ ಲೆಕ್ಕ. ಹಂಗಾಗಿ ಆಕಿ ಸಾಲಗಾರಳಂಗ ಕಂಡಳು, ನಮಗಿಂತ ಮೊದಲು ಆಕಿಗೇ ಹಂಗ ಕಂಡಿತು.

ಒಮ್ಮೆ ಅನಿಸಿತು, ವಹಿ ಒಲಿಗೆ ಹಾಕಬೇಕು. ಆದರ ಲೆಕ್ಕ ಸುಟ್ಟರ ಮಗಳ ದಿನನೂ ಹೊಗಿ ಆಗಿ ಹೋಗತಾವ. ತಪ್ಪು ಬರೆಯೂದರಾಗ ಇರಲಿಲ್ಲ, ಅರ್ಧ ಬರದು ಪೂರಾ ಅಂತ ತಿಳಕೊಂಡದ್ದರಾಗ ಇತ್ತು.

ನಮ್ಮ ಸಾಲಿ ಗುರುಗಳು ಒಂದು ಸಂಗತಿ ಹೇಳಿದರು. ಇನ್ಸುಲಿನ್ ಸಿಕ್ಕದ್ದು 1921ರಲ್ಲಿ, ಕೆನಡಾದ ಟೊರಾಂಟೊದಾಗ. ಬ್ಯಾಂಟಿಂಗ್ ಮತ್ತು ಅವರ ಜೊತಿಯವರು ಅದರ ಹಕ್ಕನ್ನ ಅಲ್ಲಿಯ ವಿದ್ಯಾಪೀಠಕ್ಕ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರಂತ. ನೂರು ವರ್ಷ ಆತು, ನಮ್ಮ ಪೇಟಿ ಅಂಗಡಿಯಾಗ ಆ ಶೀಸೆ ಕೊಳ್ಳೂ ಮುಂದ ನಾನಿನ್ನೂ ಕಿಸೆ ಎರಡು ಸಲ ಮುಟ್ಟಿ ನೋಡಕೋತೀನಿ.

ಈಗ ವಹಿಯಾಗ ನಡುವ ಒಂದು ಗೆರಿ ಹೊಡದೀನಿ. ಒಂದು ಕಡೆ ರೊಕ್ಕ, ಇನ್ನೊಂದು ಕಡೆ ದಿನ, ಯಾರ ದಿನ ಅನ್ನೂದು. ಮಗ ಇಚಲಕರಂಜಿ ಮಗ್ಗದಾಗ ದುಡೀತಾನ. ಗಣಪತಿ ಹಬ್ಬಕ್ಕ ಬಂದಾಗ ಅದನ್ನ ಓದಿದ, ಏನೂ ಮಾತಾಡಲಿಲ್ಲ. ಆವತ್ತಿಂದ ವಾರದ ಒಂದು ಪಾಳಿಗೆ ಅವನ ಬರತಾನ, ಅವನ ಅರ್ಧ ಪಗಾರ ಕಡಿತ ಆಗತೈತಿ, ಅದನ್ನೂ ಬರೀತೀನಿ. ಮಗಳ ಎರಡನೇ ವರ್ಷ ಇನ್ನೂ ಹಂಗ ಉಳದೈತಿ.

ರಿಕ್ಷಾ ಹತ್ತೂ ಮುಂದ ಹೆಂಡತಿ ಈಗಲೂ ಕೇಳತಾಳ, “ಇವತ್ತಿಂದು ಯಾರ ಹೆಸರಿಗೆ ಬರೀತೀರಿ?”

“ನನ್ನ ಹೆಸರಿಗೆ” ಅಂತೀನಿ. ಆಕಿ ನಂಬೂದಿಲ್ಲ.