ಬೀಸುವುದೂ ಬಡಿಯುವುದೂ

ನಲವತ್ತು ದಾಟಿದ ಕನ್ನಡ ಮೇಷ್ಟರೊಬ್ಬ ಗಾಲ್ಫ್ ಆಟದ ವಿಷಯವಾಗಿ ಬರೆಯಲು ಹೊರಟರೆ ಓದುಗರಿಗೆ ನಗು ಬರುವುದು ಸಹಜ. ನಾನೂ ಹಾಗೆ ನಗುತ್ತಿದ್ದವನೇ. ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. ಅದರ ಪಕ್ಕದ ರಸ್ತೆಯಲ್ಲಿ ಬಸ್ಸಿನಲ್ಲಿ ಕುಳಿತು ನೂರಾರು ಸಲ ಹೋಗಿದ್ದೇನೆ. ಸಣ್ಣದೊಂದು ಬಿಳಿಯ ಚೆಂಡಿನ ಹಿಂದೆ ದೊಡ್ಡ ಮನುಷ್ಯರು ಮೈಲಿಗಟ್ಟಲೆ ನಡೆಯುವ ಈ ಆಟ ಹೊತ್ತು ಹೋಗದವರ ಹವ್ಯಾಸವೆಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಆಟಕ್ಕೂ ನನಗೂ ಇದ್ದ ಸಂಬಂಧ ಅಷ್ಟೆ.

ಆ ಸಂಬಂಧವನ್ನು ಕೆಡಿಸಿದವರು ನಮ್ಮ ನೆಂಟರೊಬ್ಬರು. ನಿವೃತ್ತರಾದ ಮೇಲೆ ಅವರಿಗೆ ಈ ಆಟದ ಗೀಳು ಹಿಡಿದಿತ್ತು. ಒಂದು ಭಾನುವಾರ ಬೆಳಗ್ಗೆ ಊರ ಹೊರಗಿನ ಅಭ್ಯಾಸದ ಬಯಲಿಗೆ ನನ್ನನ್ನು ಕರೆದೊಯ್ದು ಕೈಗೊಂದು ಕೋಲು ಕೊಟ್ಟರು. ನಾನು ಹಲ್ಲು ಕಚ್ಚಿ, ತೋಳಿನ ಶಕ್ತಿಯನ್ನೆಲ್ಲ ಕೂಡಿಸಿ ಹೊಡೆದೆ. ನೆಲದ ಮಣ್ಣು ಹಾರಿತು. ಚೆಂಡು ನಾಚಿಕೊಂಡಂತೆ ನಾಲ್ಕು ಮಾರು ಉರುಳಿ ನಿಂತಿತು. ಇನ್ನೂ ಜೋರಾಗಿ ಹೊಡೆದೆ. ಈ ಸಲ ಚೆಂಡು ಅಲುಗಲೇ ಇಲ್ಲ. ಅಲ್ಲಿ ಕಲಿಸುತ್ತಿದ್ದವರು ವಯಸ್ಸಾದ ಒಬ್ಬರು. ಹುಡುಗನಾಗಿದ್ದಾಗ ಆಟಗಾರರ ಚೀಲ ಹೊರುತ್ತ ಹೊರುತ್ತಲೇ ಆಟ ಕಲಿತವರಂತೆ. ಅವರು ಸ್ವಲ್ಪ ಹೊತ್ತು ನೋಡಿ, "ಅದೇನು ಹಾವೇ ಸಾರ್, ಹಾಗೆ ಬಡೀತೀರಲ್ಲ? ಬಡೀಬೇಡಿ, ಬೀಸಿ. ಚೆಂಡು ತಾನಾಗಿ ಹೋಗುತ್ತೆ" ಎಂದರು.

ಎರಡು ಕ್ರಿಯಾಪದಗಳು! ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಈ ಎರಡರ ನಡುವಿನ ಅಂತರವನ್ನು ಎಂದೂ ಯೋಚಿಸಿರಲಿಲ್ಲ. ನಮ್ಮ ಭಾಷೆಯಲ್ಲಿ ಗಾಳಿ ಬೀಸುತ್ತದೆ, ಬೆಸ್ತ ಬಲೆ ಬೀಸುತ್ತಾನೆ, ಹೊಲ ಕಾಯುವವನು ಕವಣೆ ಬೀಸುತ್ತಾನೆ, ಅಜ್ಜಿ ರಾಗಿ ಬೀಸುತ್ತಾಳೆ. ಇವುಗಳಲ್ಲಿ ಯಾವುದೂ ದುರ್ಬಲ ಕ್ರಿಯೆಯಲ್ಲ. ಬೀಸುವ ಗಾಳಿ ಆಲದ ಮರವನ್ನೂ ಕೆಡವಬಲ್ಲದು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸೆಂದು ಗಾದೆಯೇ ಇದೆ. ಆದರೆ ಬಡಿಯುವವನ ಕಣ್ಣು ಬಡಿಸಿಕೊಳ್ಳುವುದರ ಮೇಲೆ; ಅವನ ಕ್ರಿಯೆ ಅಲ್ಲಿಗೆ ಮುಗಿಯಿತು. ಬೀಸುವವನಿಗೆ ಒಂದು ಸುತ್ತು ಇದೆ, ಒಂದು ಲಯ ಇದೆ. ಗುರಿ ಆ ಸುತ್ತಿನ ದಾರಿಯಲ್ಲಿ ಸಿಕ್ಕುವ ಒಂದು ಬಿಂದು ಮಾತ್ರ.

ಮನೆಗೆ ಬಂದವನು ಕುತೂಹಲದಿಂದ ಈ ಆಟದ ಪುಸ್ತಕಗಳನ್ನು ಓದಿದೆ. ಅಲ್ಲಿ ಸಿಕ್ಕವನು ಅರ್ನೆಸ್ಟ್ ಜೋನ್ಸ್ ಎಂಬ ಇಂಗ್ಲಿಷ್ ಆಟಗಾರ. ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡು ಈತ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ. ಕೆಲವೇ ತಿಂಗಳ ಮೇಲೆ ಒಂಟಿಕಾಲಿನಲ್ಲಿ ನಿಂತು ಆಡಿ ಹದಿನೆಂಟು ಗುಳಿಗಳನ್ನು 83 ಹೊಡೆತಗಳಲ್ಲಿ ಮುಗಿಸಿದ. ಎರಡು ಕಾಲಿದ್ದವರಲ್ಲಿ ಬಹುಮಂದಿಗೆ ಜನ್ಮದಲ್ಲಿ ಸಾಧ್ಯವಾಗದ ಲೆಕ್ಕ ಅದು. ಕಾಲಿನ ಒತ್ತು, ಸೊಂಟದ ತಿರುವು, ಭುಜದ ಬಲ ಎಂದು ಪಂಡಿತರು ಪಟ್ಟಿಮಾಡುತ್ತಿದ್ದುದರಲ್ಲಿ ಅರ್ಧ ಇಲ್ಲದೆಯೂ ಚೆಂಡು ಹೋಯಿತಲ್ಲ, ಹಾಗಾದರೆ ಅದನ್ನು ಕಳಿಸುವುದು ಯಾವುದು? ಕೋಲಿನ ತುದಿಯ ಬೀಸು, ಬೇರೇನೂ ಅಲ್ಲ ಎಂದು ಆತ ಕಂಡುಕೊಂಡ. ಆಮೇಲೆ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಬಹುಕಾಲ ಇದನ್ನೇ ಕಲಿಸಿದ; 1952ರಲ್ಲಿ ಪುಸ್ತಕವಾಗಿಯೂ ಬರೆದ.

ಕಲಿಸುವುದಕ್ಕೆ ಅವನಿಗೆ ಬೇಕಾಗಿದ್ದುದು ಒಂದು ಕರವಸ್ತ್ರ, ಅದರ ತುದಿಗೆ ಕಟ್ಟಿದ ಒಂದು ಚಾಕು. ಓದುಗರೂ ಬೀಗದ ಕೈ ಕಟ್ಟಿ ಇದನ್ನು ಪರೀಕ್ಷಿಸಬಹುದು. ಬೀಸಿದರೆ ವಸ್ತ್ರ ಬಿಗಿಯಾಗಿ, ಭಾರ ಸೊಗಸಾದ ಕಮಾನಿನಲ್ಲಿ ಹೋಗುತ್ತದೆ. ಅವಸರದಿಂದ ಕೈಯನ್ನು ಮುಂದಕ್ಕೆ ನೂಕಿದಿರೋ, ವಸ್ತ್ರ ಮುದುಡುತ್ತದೆ, ಭಾರ ದಿಕ್ಕುಗೆಡುತ್ತದೆ. ಹಗ್ಗದಿಂದ ಎಳೆಯಬಹುದು, ನೂಕಲಾಗದು. ಕೋಲು ಗಟ್ಟಿಯಾಗಿರುವುದರಿಂದ ನಮ್ಮ ನೂಕಾಟವನ್ನು ಮುಚ್ಚಿಡುತ್ತದೆ, ಕರವಸ್ತ್ರ ಮುಚ್ಚಿಡುವುದಿಲ್ಲ.

ವಿಜ್ಞಾನವೂ ಈ ಮಾತಿಗೆ ಒತ್ತಾಸೆಯಾಗಿದೆ. ಚೆಂಡಿನ ತೂಕ 46 ಗ್ರಾಂ ಮೀರುವುದಿಲ್ಲ. ಕೋಲು ಅದನ್ನು ಮುಟ್ಟಿರುವ ಕಾಲ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು. ತಗುಲಿತೆಂಬ ಸುದ್ದಿ ಕೈಯಿಂದ ಮೆದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಆಗಲೇ ಹೊರಟುಹೋಗಿರುತ್ತದೆ. ಕೋಲು ಮೇಲಿನಿಂದ ಕೆಳಗಿಳಿಯುವುದಕ್ಕೂ ಸುಮಾರು ಕಾಲು ಸೆಕೆಂಡು ಸಾಕು; ಹೊರಟ ಮೇಲೆ ತಿದ್ದಿಕೊಳ್ಳಲು ಅವಕಾಶವೇ ಇಲ್ಲ. ಆದುದರಿಂದ ಕೊನೆಯ ಗಳಿಗೆಯಲ್ಲಿ 'ಇಷ್ಟು ಸಾಲದು, ಇನ್ನಷ್ಟು' ಎಂದು ನಾವು ಸೇರಿಸುವ ಬಲ ಚೆಂಡಿಗೆ ಸೇರುವುದಿಲ್ಲ; ದಾರಿಯನ್ನು ಕೆಡಿಸುತ್ತದೆ, ಅಷ್ಟೆ. ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಸಂಗತಿ ಇನ್ನೊಂದು. ಒಳ್ಳೆಯ ಬೀಸಿನಲ್ಲಿ, ಚೆಂಡನ್ನು ಮುಟ್ಟುವ ಮೊದಲೇ ಕೈಗಳು ನಿಧಾನವಾಗುತ್ತವೆಯಂತೆ. ಕೈ ತನ್ನ ವೇಗವನ್ನು ಕೋಲಿನ ತುದಿಗೆ ಒಪ್ಪಿಸಿ ತಾನು ಹಿಂದೆ ಉಳಿಯುತ್ತದೆ. ತುದಿ ಗಂಟೆಗೆ 160 ಕಿಲೋಮೀಟರಿನ ವೇಗವನ್ನೂ ಮೀರಿ ಮುನ್ನುಗ್ಗುತ್ತದೆ. ಬಡಿಯುವವನ ದೋಷ ಅವನಲ್ಲಿ ಬಲ ಹೆಚ್ಚಾದದ್ದಲ್ಲ. ತನ್ನ ಬಲವನ್ನು ಬಿಟ್ಟುಕೊಡಲು ಅವನ ಕೈ ಒಪ್ಪದಿರುವುದು.

ಇದನ್ನು ಓದಿದಾಗ ನನಗೆ ಆಟ ಮರೆತುಹೋಯಿತು. ಒಬ್ಬ ಹುಡುಗನ ನೆನಪಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿದ್ದ ಆ ಹುಡುಗನಿಗೆ ಓದುವಾಗ ನಾಲಗೆ ತುಸು ತಡೆಯುತ್ತಿತ್ತು. ಹಳಗನ್ನಡ ಪದ್ಯವೊಂದನ್ನು ಗಟ್ಟಿಯಾಗಿ ಓದು ಎಂದೆ. ಎರಡನೆಯ ಸಾಲಿನಲ್ಲಿ ನಿಂತ. 'ಇನ್ನೊಮ್ಮೆ' ಎಂದೆ. ಮತ್ತೆ ಅಲ್ಲೇ ನಿಂತ. ಬಿಡದೆ ಒತ್ತಾಯಿಸಿದರೆ ತಡೆ ಒಡೆದುಹೋಗುತ್ತದೆ, ಅವನಿಗೇ ಒಳ್ಳೆಯದು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನಾಲ್ಕನೆಯ ಸಲಕ್ಕೆ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಹುಡುಗ ಪುಸ್ತಕ ಮುಚ್ಚಿ ಕುಳಿತ. ಮರುದಿನ ಬರಲಿಲ್ಲ, ಮುಂದೆ ಕನ್ನಡವನ್ನೇ ಬಿಟ್ಟು ಬೇರೆ ಭಾಷೆ ತೆಗೆದುಕೊಂಡನೆಂದು ತಿಳಿಯಿತು. ನನ್ನ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಬಡಿಯುವವನ ಉದ್ದೇಶವೂ ಚೆಂಡು ದೂರ ಹೋಗಲಿ ಎಂಬುದೇ ತಾನೆ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ; ಅದನ್ನು ನುಂಗಿಕೊಂಡರೆ ನ್ಯಾಯವಾಗದು. 'ಬಲ ಹಾಕಬೇಡ, ತಾನಾಗಿ ಆಗಲಿ ಬಿಡು' ಎಂಬ ಬೋಧನೆ ಹೆಚ್ಚಾಗಿ ಹೊಟ್ಟೆ ತುಂಬಿದವರ ಬಾಯಿಂದ ಬರುವಂಥದು. ಬಿಸಿಲಿನಲ್ಲಿ ಚೀಲ ಹೊರುವ ಹುಡುಗನಿಗೆ ಇದನ್ನು ಹೇಳಿದರೆ ಅವನು ಏನೆಂದಾನು? ಈ ಆಟದಲ್ಲೇ ಅಮೆರಿಕದ ಆರ್ನಲ್ಡ್ ಪಾಮರ್ ಇದ್ದ. ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದವನ ಮಗ. ಮೈಯೆಲ್ಲ ಕಿತ್ತುಬರುವಂತೆ ಹೊಡೆಯುತ್ತಿದ್ದ. 1958ರಿಂದ 1964ರ ಒಳಗೆ ಮಾಸ್ಟರ್ಸ್ ಪಂದ್ಯವನ್ನು ನಾಲ್ಕು ಸಲ ಗೆದ್ದ. ಇತ್ತೀಚೆಗೆ, 2020ರಲ್ಲಿ, ಬ್ರೈಸನ್ ಡಿಶಾಂಬೊ ಎಂಬವನು ಬೇಕೆಂದೇ ಮೈಯ ತೂಕವನ್ನೂ ಬಲವನ್ನೂ ಬೆಳೆಸಿಕೊಂಡು, ಬಿರುಸಾದ ಹೊಡೆತದಿಂದಲೇ ಅಮೆರಿಕದ ಓಪನ್ ಗೆದ್ದ. ಮತ್ತೊಂದು ಕಡೆ ಬಾಬಿ ಜೋನ್ಸ್. 1930ರ ಒಂದೇ ವರ್ಷದಲ್ಲಿ ನಾಲ್ಕು ದೊಡ್ಡ ಪಂದ್ಯಗಳನ್ನೂ ಗೆದ್ದು, 28ನೆಯ ವಯಸ್ಸಿಗೇ ಸ್ಪರ್ಧೆಯಿಂದ ಹಿಂದೆ ಸರಿದ ಆತನ ಬೀಸು ಅವಸರವನ್ನೇ ಅರಿಯದ ಬೀಸೆಂದು ಹೆಸರಾದದ್ದು. ಇಬ್ಬಗೆಯವರೂ ಗೆದ್ದಿದ್ದಾರೆ. ಆದುದರಿಂದ ಬಲವೇ ಕೆಟ್ಟದ್ದೆಂದು ಹೇಳುವುದು ಸುಳ್ಳಾಗುತ್ತದೆ.

ನನಗೆ ತೋರುವುದು ಇಷ್ಟು: ಪ್ರಶ್ನೆ ಬಲದ ಪ್ರಮಾಣದ್ದಲ್ಲ, ಅದರ ಹಿಂದಿರುವ ಭಾವದ್ದು. ಪಾಮರನೂ ತನ್ನ ಬಲವನ್ನು ಆರಂಭದಿಂದಲೇ ಬೀಸಿಗೆ ಒಪ್ಪಿಸಿಬಿಟ್ಟಿದ್ದ. ನಮ್ಮಂಥವರು ಒಪ್ಪಿಸುವುದಿಲ್ಲ. ತೊಡಗಿದ ಕೆಲಸದಲ್ಲಿ ನಮಗೇ ನಂಬಿಕೆಯಿಲ್ಲದೆ, ಕೊನೆಗಳಿಗೆಯಲ್ಲಿ ಹೆದರಿ ಒಂದು ಗುದ್ದು ಸೇರಿಸುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿ ಮಗನ ಮೇಲೆ ರೇಗುವ ತಂದೆ, ಗೆದ್ದ ವಾದಕ್ಕೆ ಮತ್ತೊಂದು ಚುಚ್ಚುಮಾತು ಸೇರಿಸುವ ಗೆಳೆಯ, ನಾಲ್ಕನೆಯ ಸಲ 'ಇನ್ನೊಮ್ಮೆ' ಎನ್ನುವ ಮೇಷ್ಟರು, ಇವರೆಲ್ಲರದೂ ಒಂದೇ ರೋಗ. ಅದು ಬಲದಂತೆ ಕಾಣುತ್ತದೆ, ನಿಜವಾಗಿ ಅಪನಂಬಿಕೆ. ವರ್ಷವಿಡೀ ಆ ಹುಡುಗನ ಬಳಿ ಕುಳಿತು ನಿಧಾನವಾಗಿ ಓದಿಸಿದ್ದರೆ ಅದು ಶ್ರಮವೇ, ಹೆಚ್ಚಿನ ಶ್ರಮವೇ. ಆ ಶ್ರಮವನ್ನು ತಪ್ಪಿಸಿಕೊಂಡವನು ಐದು ನಿಮಿಷದ ಒತ್ತಾಯದಿಂದ ಅದನ್ನು ತೀರಿಸಿಕೊಳ್ಳಲು ನೋಡಿದೆ.

ಬಿಡುವುದೆಂದರೆ ಕೈಬಿಡುವುದೂ ಅಲ್ಲ. ಕೋಲನ್ನು ಅಂಗೈಯಲ್ಲಿ ಹಕ್ಕಿಮರಿಯನ್ನು ಹಿಡಿದಂತೆ ಹಿಡಿಯಬೇಕೆಂದು ಈ ಆಟ ಕಲಿಸುವವರು ಹೇಳುವುದುಂಟು. ಹಾರಿಹೋಗಬಾರದು, ಉಸಿರೂ ಕಟ್ಟಬಾರದು. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡದು; ಹಕ್ಕಿಯೇ ಹೇಳಬೇಕು.

ನಾನು ಈಗಲೂ ಕೆಲವು ಭಾನುವಾರ ಆ ಬಯಲಿಗೆ ಹೋಗುತ್ತೇನೆ. ಹತ್ತರಲ್ಲಿ ಒಂದು ಚೆಂಡು ನೆಟ್ಟಗೆ ಹೋಗುತ್ತದೆ. ಅದು ಹೋದಾಗ ನಾನು ಏನೂ ಮಾಡಲಿಲ್ಲವೆಂದೇ ಅನ್ನಿಸುತ್ತದೆ. ತರಗತಿಯಲ್ಲಿ ಯಾರಾದರೂ ಓದುತ್ತ ತಡೆದರೆ ಈಗ 'ಇನ್ನೊಮ್ಮೆ' ಎನ್ನುವುದಿಲ್ಲ. ನನ್ನ ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡು ಕಾಯುತ್ತೇನೆ. ಅನೇಕ ವೇಳೆ ಸಾಲು ಮುಂದುವರಿಯುತ್ತದೆ. ಆದರೆ ಇದರಿಂದ ಆ ಹುಡುಗನಿಗೇನೂ ಆಗಲಿಲ್ಲ. ಹೋದ ಚೆಂಡಿಗೆ ಮತ್ತೊಮ್ಮೆ ಬೀಸಲು ಬರುವುದಿಲ್ಲ.