ಮಳೆ ಬರುವ ತನಕ ಎರಡೂ ಮನೆ ಒಂದೇ

ಯೇಸು ಹೇಳಿದ ಸಾಮ್ಯಗಳಲ್ಲಿ ಹಲವು ಹೊಲ, ಕುರಿಮಂದೆ, ಮೀನಿನ ಬಲೆ, ದ್ರಾಕ್ಷಿ ತೋಟದ ಕಥೆಗಳು. ಮನೆ ಕಟ್ಟುವ ಕಥೆಗಳು ಬೆರಳೆಣಿಕೆಯಷ್ಟು. ಆದರೆ ಆತನ ಸ್ವಂತ ಕಸುಬು ಅದಕ್ಕೇ ಹತ್ತಿರದ್ದು. ಮಾರ್ಕನ ಸುವಾರ್ತೆಯಲ್ಲಿ ನಜರೇತಿನವರು ಆತನನ್ನು ಬಡಗಿ ಎಂದೇ ಗುರುತು ಹಿಡಿಯುತ್ತಾರೆ. ಸುಮಾರು ಆರು ಕಿಲೋಮೀಟರ್ ಆಚೆ ಸೆಪ್ಫೋರಿಸ್ ಎಂಬ ಪಟ್ಟಣವನ್ನು ಹೆರೋದ ಅಂತಿಪ ಹೊಸದಾಗಿ ಕಟ್ಟಿಸುತ್ತಿದ್ದ ಕಾಲ ಅದು. ಪಾಯ ತೆಗೆಯುವುದನ್ನು, ಗೋಡೆ ಏಳುವುದನ್ನು, ಕೆಲವೊಮ್ಮೆ ಬೀಳುವುದನ್ನೂ ಕಣ್ಣಾರೆ ಕಂಡಿರಬಹುದಾದ ಮನುಷ್ಯ. ಹಾಗಾಗಿ ಮತ್ತಾಯನ ಸುವಾರ್ತೆಯಲ್ಲಿ ಬೆಟ್ಟದ ಮೇಲಿನ ಆ ಉದ್ದದ ಪ್ರಸಂಗ ಮುಗಿಸುವಾಗ ಆತ ಇಬ್ಬರು ಮನೆ ಕಟ್ಟಿದವರ ಕಥೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಒಬ್ಬ ಬಂಡೆಯ ಮೇಲೆ ಕಟ್ಟಿದ, ಇನ್ನೊಬ್ಬ ಮರಳಿನ ಮೇಲೆ. ಮಳೆ ಬಂತು, ಹಳ್ಳ ಉಕ್ಕಿತು. ಮೊದಲನೆಯದು ನಿಂತಿತು, ಎರಡನೆಯದು ಬಿತ್ತು.

ಇಷ್ಟೇ ಕಥೆ. ಮಕ್ಕಳಿಗೂ ಅರ್ಥವಾಗುತ್ತದೆ. ಅದೇ ಇದರ ತೊಂದರೆ ಕೂಡ.

ಬಂಡೆ ಅಂದರೆ ನಂಬಿಕೆ, ಮರಳು ಅಂದರೆ ಲೋಕದ ಮೋಹ, ನಂಬಿದವನು ಉಳಿದ, ನಂಬದವನು ಕೆಟ್ಟ ಎಂದು ಸಲೀಸಾಗಿ ಅರ್ಥ ಹೇಳಿ ಮುಗಿಸುವವರಿದ್ದಾರೆ. ಕಥೆಯನ್ನು ನಿಧಾನವಾಗಿ ಓದಿದರೆ ಆ ಅರ್ಥ ನಿಲ್ಲುವುದಿಲ್ಲ. ಅಲ್ಲಿ ನಂಬದವನು ಯಾರೂ ಇಲ್ಲ. ಇಬ್ಬರೂ ಎದುರಿಗೆ ಕೂತು ಕೇಳಿದವರೇ. ಒಬ್ಬ ಕೇಳಿ ಹಾಗೆ ನಡೆದ, ಇನ್ನೊಬ್ಬ ಕೇಳಿ ಎದ್ದು ಹೋದ. ಗೆರೆ ಬಿದ್ದಿರುವುದು ಒಳಗಿನವರಿಗೂ ಹೊರಗಿನವರಿಗೂ ನಡುವೆ ಅಲ್ಲ, ಒಂದೇ ಚಾಪೆಯ ಮೇಲೆ ಕೂತ ಇಬ್ಬರ ನಡುವೆ. ನುಡಿಗೂ ನಡೆಗೂ ಇರುವ ಸಂದನ್ನು ಹನ್ನೆರಡನೇ ಶತಮಾನದಲ್ಲೇ ಶರಣರಿಂದ ಎತ್ತಾಡಿಸಿಕೊಂಡ ನಾಡು ನಮ್ಮದು. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಲೂಕನ ಸುವಾರ್ತೆಯಲ್ಲಿ ಇದೇ ಕಥೆ ಸ್ವಲ್ಪ ಬೇರೆಯಾಗಿದೆ. ಅಲ್ಲಿ ಮರಳೇ ಇಲ್ಲ. ಮೊದಲನೆಯವನು ಆಳಕ್ಕೆ ಅಗೆದು ಬಂಡೆ ಮುಟ್ಟಿಸಿ ಪಾಯ ಹಾಕುತ್ತಾನೆ. ಎರಡನೆಯವನು ಪಾಯವೇ ಇಲ್ಲದೆ ನೆಲದ ಮೇಲೆ ಕಟ್ಟುತ್ತಾನೆ. ಜಾಗ ಒಂದೇ ಇರಬಹುದು, ಅಕ್ಕಪಕ್ಕದ ಸೈಟೇ ಇರಬಹುದು. ನನಗೆ ಈ ಪಾಠವೇ ಹೆಚ್ಚು ಹಿಡಿಸುತ್ತದೆ, ಯಾಕೆಂದರೆ ಇದು ನಿಜವಾಗಿ ಮನೆ ಕಟ್ಟಿಸಿದವರ ಅನುಭವಕ್ಕೆ ಹತ್ತಿರ. ಬೆಂಗಳೂರಿನ ಯಾವ ಮೇಸ್ತ್ರಿಯನ್ನಾದರೂ ಕೇಳಿ, ಯಜಮಾನರ ಜೊತೆ ಮೊದಲ ಜಟಾಪಟಿ ನಡೆಯುವುದು ಪಾಯದಲ್ಲೇ. ಮೂರಡಿ ತೆಗೆದಾಗಲೂ ಕರಿ ಮಣ್ಣೇ ಬರುತ್ತಿರುತ್ತದೆ.

“ಇದು ಭರ್ತಿ ಮಣ್ಣು ಸಾರ್. ಗಟ್ಟಿ ಸಿಗೋ ತನಕ ಹೋಗ್ಬೇಕು.”

“ಇನ್ನೂ ಎಷ್ಟು ಹೋಗ್ತೀಯಪ್ಪಾ?”

“ಎರಡಡಿ ಆಗ್ಬೋದು, ನಾಲ್ಕಡಿ ಆಗ್ಬೋದು. ಹೆಂಗ್ ಹೇಳೋದು ಸಾರ್?”

ಯಜಮಾನರು ಲೆಕ್ಕ ಹಾಕುತ್ತಾರೆ. ಆ ಗುಂಡಿಯೊಳಗೆ ಹೋಗುವ ಕಂಬಿ, ಜಲ್ಲಿ, ಸಿಮೆಂಟು, ಸೈಜು ಕಲ್ಲು ಗೃಹಪ್ರವೇಶಕ್ಕೆ ಬಂದ ಒಬ್ಬ ನೆಂಟರ ಕಣ್ಣಿಗೂ ಬೀಳುವುದಿಲ್ಲ. ಅದೇ ದುಡ್ಡಿನಲ್ಲಿ ಹಾಲಿಗೆ ಗ್ರಾನೈಟ್ ಬರುತ್ತದೆ, ಮುಂಬಾಗಿಲಿಗೆ ತೇಗ ಬರುತ್ತದೆ. “ಇಷ್ಟು ಸಾಕು ಬಿಡು, ಬೆಡ್ ಹಾಕು” ಎಂದು ಹೇಳಿ ಅವರು ಆಫೀಸಿಗೆ ಹೋಗುತ್ತಾರೆ. ಮೇಸ್ತ್ರಿ ಹೇಳಿದ್ದು ಅವರ ಕಿವಿಗೆ ಬಿದ್ದಿಲ್ಲ ಎನ್ನುವಂತಿಲ್ಲ. ಚೆನ್ನಾಗಿಯೇ ಬಿದ್ದಿದೆ. ಮುಂದಿನ ಮಳೆಗಾಲದ ತನಕ ಅವರ ಮನೆಗೂ ಪಕ್ಕದ ಮನೆಗೂ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ; ಕಂಡರೂ ಇವರದೇ ಹೆಚ್ಚು ಲಕ್ಷಣವಾಗಿ ಕಾಣುತ್ತದೆ.

ಮತ್ತಾಯನ ಮರಳಿಗೂ ಒಂದು ಹಿನ್ನೆಲೆಯಿದೆ. ಪಾಲಸ್ತೀನದ ಒಣ ಹಳ್ಳಗಳಲ್ಲಿ ವರ್ಷದ ಹೆಚ್ಚಿನ ತಿಂಗಳು ನೀರಿರುವುದಿಲ್ಲ. ಪಾತ್ರ ಸಮತಟ್ಟಾಗಿ, ಮೆತ್ತಗೆ, ಕಟ್ಟುವವನಿಗೆ ಅನುಕೂಲವಾಗಿ ಬಿದ್ದಿರುತ್ತದೆ. ಚಳಿಗಾಲದ ಒಂದು ಜೋರು ಮಳೆಗೆ ಅದೇ ಪಾತ್ರದಲ್ಲಿ ಗೋಡೆಯಂತೆ ನೀರು ನುಗ್ಗುತ್ತದೆ. ಆ ದೇಶವನ್ನು ನೋಡದವರೂ ಏಪ್ರಿಲ್‌ನಲ್ಲಿ ಬೆಂಗಳೂರಿನ ಯಾವುದಾದರೂ ರಾಜಕಾಲುವೆಯ ಪಕ್ಕ ನಿಂತರೆ ಇದು ತಿಳಿಯುತ್ತದೆ. ತಳದಲ್ಲಿ ಕಪ್ಪು ನೀರಿನ ಒಂದು ಎಳೆ, ಪ್ಲಾಸ್ಟಿಕ್ ಚೀಲಗಳು, ಒಂದೆರಡು ನಾಯಿ. ಇಷ್ಟಗಲ ಜಾಗ ಇದಕ್ಕೆ ಯಾಕೆ ಎಂದು ಯಾರಿಗಾದರೂ ಅನ್ನಿಸಬೇಕು.

ಕುರುಬರಹಳ್ಳಿ ಇಂಥ ಒಂದು ತಗ್ಗಿನ ಊರು. ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ಬಸವೇಶ್ವರನಗರಗಳ ನಡುವೆ ನಗರ ನುಂಗಿದ ಹಳ್ಳಿ. ಇಲ್ಲಿನ ನೀರೆಲ್ಲ ವೃಷಭಾವತಿ ಕಣಿವೆಗೆ ಹರಿದು, ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಸುವಾರ್ತೆಯ ಬಂಡೆಯೂ ಇಲ್ಲೇ ಹತ್ತಿರದಲ್ಲಿದೆ. ಮಹಾಲಕ್ಷ್ಮಿ ಲೇಔಟಿನ ದಿಬ್ಬದ ಮೇಲೆ ಬಂಡೆಯಲ್ಲೇ ಕಡೆದ ಪ್ರಸನ್ನ ವೀರಾಂಜನೇಯ. ಸ್ವಲ್ಪ ಆಚೆ ಕಲ್ಲುಗುಡ್ಡದ ಮೇಲೆ 1997ರಲ್ಲಿ ಆರಂಭವಾದ ಇಸ್ಕಾನ್ ದೇವಸ್ಥಾನ. ಭೂವಿಜ್ಞಾನಿಗಳ ಪ್ರಕಾರ ಬೆಂಗಳೂರು ಪೂರ್ತಿ ಕೂತಿರುವುದೇ ಬಂಡೆಯ ಮೇಲೆ. ಲಾಲ್‌ಬಾಗಿನ ಗುಡ್ಡದಲ್ಲಿ ತಲೆ ಎತ್ತಿರುವ ಆ ಶಿಲೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಇಷ್ಟು ಗಟ್ಟಿ ತಳದ ಊರಿನಲ್ಲಿ ಮನೆ ಕೊಚ್ಚಿ ಹೋಗಬಾರದಿತ್ತು.

2017 ಬೆಂಗಳೂರಿನಲ್ಲಿ ಮಳೆಯ ವರ್ಷ. ಸರಾಸರಿ 970 ಮಿಲಿಮೀಟರ್ ಆಸುಪಾಸು ಬೀಳುವಲ್ಲಿ ಆ ವರ್ಷ ಸುಮಾರು 1,700 ಬಿತ್ತು. ಮೇ ತಿಂಗಳ ಒಂದು ಸಂಜೆ ಕುರುಬರಹಳ್ಳಿಯ ರಾಜಕಾಲುವೆಯಲ್ಲಿ ಕೆಲಸಕ್ಕೆ ಇಳಿದಿದ್ದ ಕೂಲಿ ಕಾರ್ಮಿಕನೊಬ್ಬ ನೀರು ಪಾಲಾದ. ದಿನಗಟ್ಟಲೆ ಹುಡುಕಿದರು. ಅಕ್ಟೋಬರ್ 13ರ ರಾತ್ರಿ ಮತ್ತೆ ಮಳೆ ಹುಯ್ಯಿತು. ಈ ಸುತ್ತಿನಲ್ಲೇ ಐದು ಜೀವ ಹೋದವು: ದೇವಸ್ಥಾನದ ಅರ್ಚಕರೊಬ್ಬರು, ಒಬ್ಬ ತಾಯಿ ಮತ್ತು ಮಗಳು, ಗೋಡೆ ಕುಸಿದು ಸತ್ತ ಗಂಡ ಹೆಂಡತಿ. ಇಂದಿಗೂ ತಗ್ಗಿನ ಬೀದಿಗಳಲ್ಲಿ ಮನೆಯವರು ಹೊಸ್ತಿಲ ಮುಂದೆ ಮೊಣಕಾಲೆತ್ತರ ಸಿಮೆಂಟ್ ಕಟ್ಟೆ ಕಟ್ಟಿಕೊಂಡಿರುವುದು ಕಾಣುತ್ತದೆ. ಒಳಗೆ ಹೋಗಬೇಕಾದರೆ ಅಜ್ಜಿಯರು ಗೋಡೆ ಹಿಡಿದು ಅದನ್ನು ದಾಟಬೇಕು. ಡಾಂಬರು ಮೇಲೆ ಡಾಂಬರು ಬಿದ್ದು ರಸ್ತೆ ಏರಿದಂತೆಲ್ಲ ಕಟ್ಟೆಗೂ ಒಂದು ವರಸೆ ಇಟ್ಟಿಗೆ ಸೇರುತ್ತದೆ.

ಈಗ ಕಥೆಯನ್ನು ಇವರ ಮುಂದೆ ಹೇಳಿ ನೋಡಿ. ಬಿದ್ದ ಮನೆಯವನು ಬುದ್ಧಿಗೇಡಿ ಅನ್ನುತ್ತದೆ ಅದು. ಹೇಳಲು ನಾಲಿಗೆ ಏಳುವುದಿಲ್ಲ.

ಆದರೆ ಹೇಳುವವರಿಗೆ ಬರವಿಲ್ಲ. ಕಾಲುವೆ ಪಕ್ಕ ಯಾಕೆ ಕಟ್ಟಿದರು, ಗೊತ್ತಿದ್ದೂ ಯಾಕೆ ಬಾಡಿಗೆಗೆ ಹೋದರು, ಅನುಭವಿಸಲಿ ಎಂದು ಟೀವಿ ಮುಂದೆ ಕೂತು ಹೇಳುವವರು ಪ್ರತಿ ಮಳೆಗಾಲಕ್ಕೂ ಹುಟ್ಟುತ್ತಾರೆ. ಅವರಿಗೆ ಉತ್ತರ ಅದೇ ಗುರುವಿನ ಬಾಯಿಂದಲೇ ಇದೆ. ಯೆರೂಸಲೇಮಿನ ಸಿಲೋವದಲ್ಲಿ ಒಂದು ಗೋಪುರ ಕುಸಿದು 18 ಜನ ಸತ್ತಿದ್ದರು. ಅದನ್ನು ತಾನೇ ಎತ್ತಿ ಯೇಸು ಕೇಳುತ್ತಾನೆ: ಆ ಸತ್ತವರು ಪಟ್ಟಣದ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ತಿಳಿದಿರೋ? ಅಲ್ಲ ಎಂದು ತಾನೇ ಹೇಳುತ್ತಾನೆ. ಲೂಕನ ಹದಿಮೂರನೇ ಅಧ್ಯಾಯದ ಈ ಪ್ರಸಂಗವನ್ನು ಮನೆ ಕಟ್ಟಿದವರ ಕಥೆಯ ಪಕ್ಕದಲ್ಲಿ ಇಟ್ಟೇ ಓದಬೇಕು ಎಂಬುದು ನನ್ನ ಹಟ. ಬಿದ್ದ ಗೋಡೆಯ ಅಡಿ ಇರುವವನ ಮೇಲೆ ಆ ಕಥೆಯನ್ನು ಎಸೆಯುವ ಹಕ್ಕು ಯಾರಿಗೂ ಇಲ್ಲ. ಇನ್ನೂ ಮನೆ ಬೀಳದವರಿಗೆ, ಕೂತು ಕೇಳುತ್ತಿರುವವರಿಗೆ ಹೇಳಿದ ಮಾತದು.

ಹಾಗಾದರೆ ಇಲ್ಲಿ ಕೇಳಿದವರು ಯಾರು? ಬೆಂಗಳೂರಿನ ಕೆರೆಗಳನ್ನು ಉಳಿಸಬೇಕೆಂದು ಲಕ್ಷ್ಮಣ ರಾವ್ ಸಮಿತಿ 1986ರಲ್ಲೇ ಹೇಳಿತು. ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿ 2007ರಲ್ಲಿ ಹೇಳಿತು. ಕೆರೆಗಳ ಬಗ್ಗೆ ಕೋಳಿವಾಡ ಸಮಿತಿಯ ವರದಿ ಬಂದದ್ದು 2017ರ ಆ ಅಕ್ಟೋಬರಿನ ಮರು ತಿಂಗಳು. ಮಳೆನೀರಿನ ನಿರ್ವಹಣೆ ಬಗ್ಗೆ 2021ರಲ್ಲಿ ಸಿಎಜಿಯೂ ಹೇಳಿತು. ಕೇಳಲಿಲ್ಲ ಎಂದು ಯಾರನ್ನೂ ದೂರುವಂತಿಲ್ಲ. ಸದನದಲ್ಲಿ ಮಂಡಿಸಿದರು, ಪತ್ರಿಕೆಗಳು ಬರೆದವು, ನಾವು ಓದಿ ಮಡಚಿಟ್ಟೆವು. ಅಷ್ಟರಲ್ಲಿ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ ಎಷ್ಟೋ ಕಾಲವಾಗಿತ್ತು. ಈ ಭಾಗದ ಕೇತಮಾರನಹಳ್ಳಿ ಕೆರೆಯೂ ಬಡಾವಣೆಯ ಹೊಟ್ಟೆ ಸೇರಿತ್ತು. ರಾಜಕಾಲುವೆಯಿಂದ ಎಷ್ಟು ದೂರ ಬಿಡಬೇಕು ಎಂಬುದೂ ಒಂದು ಹಗ್ಗಜಗ್ಗಾಟ. 2016ರಲ್ಲಿ ಹಸಿರು ನ್ಯಾಯಮಂಡಳಿ ಮೀಸಲು ಅಂತರ ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಮಾಸ್ಟರ್ ಪ್ಲಾನಿನ 50, 25, 15 ಮೀಟರಿಗೇ ಮರಳಿತು. ನೀರು ಇದ್ಯಾವುದನ್ನೂ ಅಳೆದು ಬರುವುದಿಲ್ಲ.

ಸಾಮ್ಯದಲ್ಲಿ ಕೇಳದೇ ಬಿಟ್ಟ ಒಂದು ಪ್ರಶ್ನೆಯೂ ಇದೆ. ಗಲಿಲಾಯದ ಆ ಎರಡು ಮನೆಗಳು ತಮ್ಮ ತಮ್ಮ ಪಾಡಿಗೆ ನಿಂತಿವೆ. ಒಂದರ ಪಾಯಕ್ಕೂ ಇನ್ನೊಂದರ ಬೀಳುವಿಕೆಗೂ ಸಂಬಂಧವಿಲ್ಲ. ಇಲ್ಲಿ ಹಾಗಲ್ಲ. ದಿಬ್ಬದ ಬಂಡೆಯ ಮೇಲೆ ಬಿದ್ದ ಮಳೆ ಒಂದು ಹನಿಯೂ ಇಂಗದೆ ತಗ್ಗಿಗೆ ಇಳಿಯುತ್ತದೆ. ದಿಬ್ಬದ ಮನೆಯವರು ಅಂಗಳದ ಮಣ್ಣಿಗೆ ಟೈಲ್ಸ್ ಹಾಕಿಸಿದರೆ, ಕಾರು ನಿಲ್ಲಿಸಲು ಕಾಂಕ್ರೀಟ್ ಎಳೆಸಿದರೆ ಇನ್ನೂ ಬೇಗ ಇಳಿಯುತ್ತದೆ. ಗಟ್ಟಿ ಜಾಗ ನೋಡಿ ಬುದ್ಧಿವಂತಿಕೆಯಿಂದ ಕಟ್ಟಿದವನ ಮನೆಯ ನೀರೇ ಕೆಳಗಿನವನ ಪ್ರವಾಹ. ಆ ಬುದ್ಧಿವಂತ ತಾನು ಕೇಳಿದಂತೆ ನಡೆದೆ ಎಂದು ನೆಮ್ಮದಿಯಾಗಿ ಮಲಗಬಹುದೇ? ಬೆಟ್ಟದ ಪ್ರಸಂಗದಲ್ಲಿ ಆತ ಕೇಳಿಸಿಕೊಂಡದ್ದು ಕೊಡುವುದು, ಕ್ಷಮಿಸುವುದು, ತನಗೆ ಜನರಿಂದ ಏನು ಬೇಕೋ ಅದನ್ನೇ ಅವರಿಗೂ ಮಾಡುವುದು, ಇವನ್ನು. ಹಾಗೆ ನಡೆದಿದ್ದರೆ ಅಂಗಳದ ಮೂಲೆಯಲ್ಲಿ ಒಂದು ಇಂಗುಗುಂಡಿ ಇರಬೇಕಿತ್ತು. ಬಂಡೆಯ ಮೇಲೆ ಕೂತ ಮಾತ್ರಕ್ಕೆ ಮನೆ ಬಂಡೆಯ ಮೇಲಿದೆ ಎಂದಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದು ನೆನಪಿರಬಹುದು. ಮರಳು ಬಡವರ ಸೊತ್ತು ಮಾತ್ರ ಅಲ್ಲ. ಆದರೆ ವಿಲ್ಲಾದವರಿಗೆ ಹೋಟೆಲಿಗೆ ಹೋಗಿ ಇರುವ ಅನುಕೂಲವಿತ್ತು, ಕುರುಬರಹಳ್ಳಿಯ ತಗ್ಗಿನವರಿಗೆ ಪಕ್ಕದ ಮನೆಯ ಮಹಡಿ.

ಸಿಲೋವದ ಗೋಪುರದ ಮಾತು ಮುಗಿದ ಕೂಡಲೇ ಲೂಕ ಇನ್ನೊಂದು ಸಾಮ್ಯವನ್ನು ಕೊಡುತ್ತಾನೆ. ಒಂದು ಅಂಜೂರದ ಮರ, ಮೂರು ವರ್ಷವಾದರೂ ಹಣ್ಣಿಲ್ಲ. ಯಜಮಾನ ಕಡಿದುಹಾಕು ಅನ್ನುತ್ತಾನೆ. ತೋಟದ ಆಳು ಇನ್ನೊಂದು ವರ್ಷ ತಡೆಯಲು ಬೇಡುತ್ತಾನೆ, ಬುಡ ಅಗೆದು ಗೊಬ್ಬರ ಹಾಕುವುದನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಈ ಮೂರು ಕಥೆಗಳಲ್ಲೂ ನನಗೆ ಹತ್ತಿರದವನು ಈ ಆಳು. ಮರ ಅವನದಲ್ಲ, ಹಣ್ಣೂ ಅವನಿಗಲ್ಲ, ಅಗೆಯುವವನು ಅವನು.

2017ರ ಮೇ ತಿಂಗಳಲ್ಲಿ ಕಾಲುವೆಗೆ ಇಳಿದವನನ್ನು ಇಲ್ಲಿ ತರದೆ ಮುಂದೆ ಹೋಗುವಂತಿಲ್ಲ. ಆ ಹೊತ್ತಿಗೆ ಬಂದಿದ್ದ ವರದಿಗಳನ್ನು ಕೇಳಿದವರು ನೂರಾರು ಜನ. ಅವನ ಕೈಗೆ ಅವು ಬಂದಿರುವ ಸಾಧ್ಯತೆ ಕಡಿಮೆ. ಆದರೂ ಕೆಲಸಕ್ಕೆಂದು ಆ ಕಾಲುವೆಯ ತಳಕ್ಕೆ ಇಳಿದವನು ಅವನೇ. ಸಾಮ್ಯದ ಪ್ರಕಾರ ಮಾಡಿದವನು ನಿಲ್ಲಬೇಕು, ಕೇಳಿ ಸುಮ್ಮನಿದ್ದವನು ಬೀಳಬೇಕು. ಕುರುಬರಹಳ್ಳಿಯಲ್ಲಿ ಅದು ತಿರುಗುಮುರುಗಾಯಿತು. ಪ್ರವಚನ ಮಾಡುವವರು ಇದಕ್ಕೆ ಪರಲೋಕದ ಲೆಕ್ಕ ಕೊಡುತ್ತಾರೆ. ನಾನು ಅದನ್ನು ತಳ್ಳಿಹಾಕುವವನಲ್ಲ, ಆದರೆ ಇಲ್ಲಿನ ಲೆಕ್ಕವನ್ನು ಅದರಿಂದ ಮುಚ್ಚಲಾಗದು. ಒಬ್ಬನ ಮನೆಯ ಪಾಯವನ್ನು ಅವನೇ ಅಗೆಯಬಹುದು. ಊರಿನ ಪಾಯವನ್ನು ಒಬ್ಬ ದಿನಗೂಲಿಯವನ ಕೈಗೆ ಸಲಿಕೆ ಕೊಟ್ಟು ಅಗೆಸಲಾಗುವುದಿಲ್ಲ.

ಅಂಜೂರದ ಮರಕ್ಕೆ ಸಿಕ್ಕ ವಾಯಿದೆ ಒಂದು ವರ್ಷ. ಈ ತಗ್ಗಿಗೆ ಮೇ ತಿಂಗಳಿಂದ ಅಕ್ಟೋಬರಿನ ತನಕ ಐದು ತಿಂಗಳೂ ಪೂರ್ತಿ ಸಿಗಲಿಲ್ಲ. ಅಷ್ಟರಲ್ಲಿ ಕೇಳಿದವರು ಏನೇನು ಮಾಡಬಹುದಿತ್ತು ಎಂಬ ಪಟ್ಟಿ 1986ರಿಂದಲೂ ಅಚ್ಚಾಗಿಯೇ ಇದೆ.