ಹೇಳುವವರಿಲ್ಲ, ಕೇಳುವವರಿಲ್ಲ

‘ಅನಾಥ’ ಎಂಬ ಪದವನ್ನು ನಾವು ಹಣೆಬರಹದಂತೆ ಬಳಸುತ್ತೇವೆ. ತಂದೆತಾಯಿ ತೀರಿಕೊಂಡರು, ಮಗು ಅನಾಥವಾಯಿತು, ಯಾರನ್ನು ದೂರುವುದು? ಐರ್ಲೆಂಡಿನ ಟ್ಯೂಮ್ ಎಂಬ ಸಣ್ಣ ಊರಿನ ಚರಿತ್ರೆ ಓದಿದ ಮೇಲೆ ಈ ಪದ ನನಗೆ ಅಷ್ಟು ಸರಳವಾಗಿ ಉಳಿದಿಲ್ಲ.

ಬಡವರ ದುಡಿಮೆಮನೆಯಾಗಿದ್ದ ಹಳೆಯ ಕಟ್ಟಡದಲ್ಲಿ, 1925ರಿಂದ 1961ರವರೆಗೆ, ಬಾನ್ ಸೆಕೂರ್ ಪಂಥದ ಕ್ಯಾಥೊಲಿಕ್ ಸನ್ಯಾಸಿನಿಯರು ಅಲ್ಲಿ ತಾಯಿ-ಮಕ್ಕಳ ಆಶ್ರಮ ನಡೆಸಿದರು. ಹಣ ಕೊಡುತ್ತಿದ್ದುದು ಸ್ಥಳೀಯ ಆಡಳಿತ. ಮದುವೆಯಾಗದೆ ಬಸಿರಾದ ಹೆಣ್ಣುಮಕ್ಕಳು ಅಲ್ಲಿ ಹೆತ್ತು, ಸಾಮಾನ್ಯವಾಗಿ ಒಂದು ವರ್ಷ ಕೂಲಿಯಿಲ್ಲದೆ ದುಡಿದು, ಮಗುವನ್ನು ಬಿಟ್ಟು ಹೊರಡಬೇಕಿತ್ತು. ತಾಯಿ ಬದುಕಿದ್ದಾಳೆ, ಎಲ್ಲೋ ತಂದೆಯೂ ಇದ್ದಾನೆ. ಆದರೂ ಮಗು ಅನಾಥ. ಆ ಅನಾಥತನವನ್ನು ವಿಧಿ ತರಲಿಲ್ಲ, ಜನ ಸೇರಿ ಮಾಡಿದರು.

2014ರಲ್ಲಿ ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಅವರ ಶೋಧನೆ ಲೋಕಕ್ಕೆ ತಿಳಿಯಿತು. ಆಶ್ರಮದಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳು ಸಿಕ್ಕಿದ್ದವು; ಹೂಳಿದ ದಾಖಲೆ ಸಿಕ್ಕಿರಲಿಲ್ಲ. 2017ರಲ್ಲಿ ತನಿಖಾ ಆಯೋಗವು ಆ ಜಾಗದ ನೆಲದಡಿಯ ಕೋಣೆಗಳಲ್ಲಿ ಶಿಶುಗಳ ಅಸ್ಥಿಗಳಿರುವುದನ್ನು ಖಚಿತಪಡಿಸಿತು. ಕೊಳಚೆ ನೀರಿಗೆ ಸಂಬಂಧಿಸಿದಂತೆ ಕಂಡ ರಚನೆ ಅದು.

ಇಲ್ಲಿ ತಪ್ಪು ಯಾರದು? 2021ರ ಅಂತಿಮ ವರದಿ ಮುಖ್ಯ ಹೊಣೆಯನ್ನು ಮಕ್ಕಳ ತಂದೆಯರ ಮೇಲೂ ಹೆಣ್ಣುಮಕ್ಕಳ ಮನೆಯವರ ಮೇಲೂ ಹೊರಿಸಿ, ಸರ್ಕಾರ ಮತ್ತು ಚರ್ಚುಗಳು ಅದಕ್ಕೆ ಒತ್ತಾಸೆಯಾಗಿದ್ದವು ಎಂದಿತು. ಇದರಲ್ಲಿ ಸತ್ಯವಿದೆ. ಹೆತ್ತವರೇ ಬಾಗಿಲು ಹಾಕಿದಾಗ ಆ ಹುಡುಗಿಯರಿಗೆ ಸೂರು ಸಿಕ್ಕಿದ್ದು ಆಶ್ರಮದಲ್ಲೇ. ಆದರೆ ತಪ್ಪನ್ನು ಇಡೀ ಸಮಾಜಕ್ಕೆ ಹಂಚಿದರೆ ಪ್ರತಿಯೊಬ್ಬರ ಪಾಲಿಗೆ ಬರುವುದು ಜೇಬಿನಲ್ಲಿ ಅಡಗಿಸಿಕೊಳ್ಳುವಷ್ಟು ಮಾತ್ರ.

‘ಕಾಲ ಹಾಗಿತ್ತು’ ಎಂಬ ಮಾತೂ ನನಗೆ ಸಾಲದು. ಅದೇ ಕಾಲದಲ್ಲಿ ಪ್ರತಿ ಮಗುವಿನ ಹೆಸರು, ವಯಸ್ಸು, ಸಾವಿನ ಕಾರಣ ಎಲ್ಲವೂ ನೋಂದಣಿಯಾಗಿದೆ, ಏಕೆಂದರೆ ಅದನ್ನು ಕಾನೂನು ಕೇಳುತ್ತಿತ್ತು. ಎಲ್ಲಿ ಹೂಳಿದಿರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಯಾರೂ ಕೇಳದ ಜಾಗದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ಕರುಣೆಗಿರುವ ಪರೀಕ್ಷೆ.

ನಮ್ಮ ಆಡುಮಾತು ಇದನ್ನು ಬಲ್ಲದು. ದಿಕ್ಕಿಲ್ಲದವರನ್ನು ಕಂಡು ‘ಹೇಳುವವರಿಲ್ಲ, ಕೇಳುವವರಿಲ್ಲ’ ಎನ್ನುತ್ತೇವೆ. ಹಾಗಾದರೆ ಕೇಳುವವರೊಬ್ಬರು ಹುಟ್ಟಿದರೆ ಅನಾಥತನ ಅಷ್ಟರಮಟ್ಟಿಗೆ ಕರಗಬೇಕು. ಕಾರ್ಲೆಸ್ ಆ ಮಕ್ಕಳ ಬಂಧುವಲ್ಲ. ಒಂದೊಂದೇ ಹೆಸರು ಹಿಡಿದು, ಈ ಮಗು ಎಲ್ಲಿ ಎಂದು ಕೇಳಿದರು. 2025ರ ಜುಲೈನಲ್ಲಿ ಟ್ಯೂಮ್‌ನಲ್ಲಿ ಉತ್ಖನನ ಶುರುವಾಯಿತು.